ಗಾಳಿಯಲ್ಲಿ ಕೈ ಆಡಿಸ್ಲಿಕ್ಕೆ ಫೀಸ್ ಯಾಕೆ?

ಪ್ರಶ್ನೆ: ನನಗೆ 57 ವರ್ಷ, ಅಜ್ಜರಕಾಡು ಹತ್ರ ಮನೆ. ಕಳೆದ ವಾರ ಮೊದಲ ಸಲ ತೈ ಚಿ ಕ್ಲಾಸಿಗೆ ಹೋಗಿದ್ದೆ, ನಿಧಾನಕ್ಕೆ ಕೈಕಾಲು ಆಡಿಸುವ ಚೀನಾದ ವ್ಯಾಯಾಮ ಅದು. ನೋಡ್ಲಿಕ್ಕೆ ಸುಲಭ, ಮಾಡ್ಲಿಕ್ಕೆ ಹೋದ್ರೆ ಕೈ ನೋಡಿದಾಗ ಕಾಲು ತಪ್ತದೆ, ಕಾಲು ನೋಡಿದಾಗ ಕೈ ತಪ್ತದೆ, ಅರ್ಧ ಗಂಟೆಯಲ್ಲಿ ತೊಡೆ ನಡುಗ್ಲಿಕ್ಕೆ ಶುರು. ಮರುದಿನ ಬಲ ಮೊಣಕಾಲು ನೋವು. ನಮ್ಮ ಮನೆಯವರು "ಗಾಳಿಯಲ್ಲಿ ಕೈ ಆಡಿಸ್ಲಿಕ್ಕೆ ಫೀಸ್ ಯಾಕೆ" ಅಂತ ಕೇಳ್ತಾರೆ. ಇನ್ನು ಹೋಗುದಾ ಬೇಡ್ವಾ?
ಓದುಗರೊಬ್ಬರು, ಉಡುಪಿ

ಉತ್ತರ: ಹೋಗಿ ಅಕ್ಕಾ, ಖಂಡಿತ ಹೋಗಿ. ತೊಡೆ ನಡುಗಿದ್ದಕ್ಕೆ ಹೆದರ್ಬೇಡಿ. ದಿನಾ ನಡೆಯುವಾಗ ಮೈಭಾರ ಒಂದು ಕಾಲಿಂದ ಇನ್ನೊಂದಕ್ಕೆ ದಾಟಿದ್ದು ನಮಗೆ ಗೊತ್ತೇ ಆಗುದಿಲ್ಲ, ತೈ ಚಿಯಲ್ಲಿ ಅದನ್ನೇ ಮೊಣಕಾಲು ಸ್ವಲ್ಪ ಬಗ್ಗಿಸಿ ಅಷ್ಟು ನಿಧಾನ ಮಾಡುವಾಗ ಪೂರ್ತಿ ಭಾರ ಒಂದೇ ಕಾಲಿನ ಮೇಲೆ ತುಂಬಾ ಹೊತ್ತು ನಿಲ್ತದೆ, ನಡುಗದೆ ಇನ್ನೆಂತ ಆಗ್ತದೆ. ಭಾರ ಇರುವ ಕಾಲು 'ತುಂಬಿದ್ದು', ಇಲ್ಲದ್ದು 'ಖಾಲಿ' ಅಂತ ಚೀನಾದವರ ಲೆಕ್ಕ. ಒಂದು ಕೊಡದ ನೀರನ್ನು ಚೆಲ್ಲದೆ ಇನ್ನೊಂದು ಕೊಡಕ್ಕೆ ಬಗ್ಗಿಸುದು ಅಂತ ನೆನೆಸಿ. ಮೊದಲ ಒಂದು ತಿಂಗಳು ಇದೊಂದೇ ನೋಡಿ, ಕೈ ಹೇಗೆ ಬೇಕಾದ್ರೂ ಹೋಗ್ಲಿ. ನಮ್ಮ ಯಕ್ಷಗಾನ ಕಲಿಯುವ ಮಕ್ಕಳಿಗೂ ಮೊದಲು ಹೆಜ್ಜೆಯೇ ಅಲ್ವಾ.

ಮೊಣಕಾಲು ನೋವು ಮಾತ್ರ ಬಿಟ್ಟು ಹಾಕುವ ವಿಷಯ ಅಲ್ಲ. ಹೊಸಬರು ಪಕ್ಕದವರನ್ನು ನೋಡಿ ಅವರಷ್ಟೇ ಕೆಳಗೆ ಕೂರ್ತಾರೆ, ಅದು ಬೇಡ, ಎತ್ತರದಲ್ಲೇ ನಿಂತು ಮಾಡಿ. ಅದಕ್ಕಿಂತ ದೊಡ್ಡ ತಪ್ಪು ಭಾರ ಇರುವ ಕಾಲನ್ನು ನೆಲಕ್ಕೆ ಒತ್ತಿಟ್ಟು ಮೇಲಿನ ಮೈ ಮಾತ್ರ ತಿರುಗಿಸುದು, ಆಗ ತಿರುಚುದೆಲ್ಲ ಮೊಣಕಾಲಿಗೇ ಬೀಳ್ತದೆ. ಮೊದಲು ಭಾರ ಹಿಂದಕ್ಕೆ ತನ್ನಿ, ಮುಂದಿನ ಪಾದ ಹಗುರ ಆದ್ಮೇಲೆ ಸೊಂಟದಿಂದ ತಿರುಗಿ, ಪಾದವೂ ಜೊತೆಗೇ ತಿರುಗ್ಲಿ. ಮೊಣಕಾಲು ಯಾವಾಗ್ಲೂ ಕಾಲ್ಬೆರಳು ಇರುವ ದಿಕ್ಕಿಗೇ ಇರ್ಬೇಕು, ಬೆರಳು ದಾಟಿ ಮುಂದೆ ಹೋಗ್ಬಾರ್ದು. ನೋವು ಹೋಗದಿದ್ರೆ, ಅಥವಾ ಬಾವು ಬಂದ್ರೆ, ಕ್ಲಾಸ್ ನಿಲ್ಲಿಸಿ ಮೊದಲು ಮೂಳೆ ಡಾಕ್ಟ್ರಿಗೆ ತೋರಿಸಿ.

ಇನ್ನು ನಿಮ್ಮ ಯಜಮಾನ್ರ ಪ್ರಶ್ನೆ. ಇದು ಹುಟ್ಟಿದ್ದೇ ಹೊಡೆದಾಟದ ವಿದ್ಯೆಯಾಗಿ, 17ನೇ ಶತಮಾನದಲ್ಲಿ ಚೀನಾದ ಹೆನಾನ್ ಪ್ರಾಂತ್ಯದ ಚೆನ್ ಮನೆತನದವರ ಹಳ್ಳಿಯಲ್ಲಿ ಬೆಳೆದದ್ದು, ಅಲ್ಲಿ ಕಲಿತ ಯಾಂಗ್ ಲುಚಾನ್ ಅದನ್ನು ಬೀಜಿಂಗಿಗೆ ಒಯ್ದರು. ಗಾಳಿಯಲ್ಲಿ ಆಡುವ ಆ ಕೈ ಎದುರಿನವನ ಏಟು ತಡೆಯುವ, ತಳ್ಳುವ ಕೈ. ಇವತ್ತು ಹೆಚ್ಚಿನ ಕ್ಲಾಸುಗಳಲ್ಲಿ ಹೊಸಬರಿಗೆ ಕಲಿಸುವ 24 ಭಂಗಿಯ ಸರಣಿಯನ್ನು 1956ರಲ್ಲಿ ಚೀನಾದ ಸರ್ಕಾರಿ ಕ್ರೀಡಾ ಆಯೋಗ ಜನಸಾಮಾನ್ಯರಿಗೆ ಅಂತಲೇ ಚಿಕ್ಕದು ಮಾಡಿದ್ದು, ಪೂರ್ತಿ ಮಾಡಿದ್ರೆ ಐದಾರು ನಿಮಿಷ. ಮೊಣಕಾಲು ಸವೆತ ಇದ್ದ 204 ಜನರ ಮೇಲೆ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನ 2016ರಲ್ಲಿ ಪ್ರಕಟ ಆಯ್ತು, 12 ವಾರ ತೈ ಚಿ ಮಾಡಿದವರ ನೋವು ಫಿಸಿಯೋಥೆರಪಿ ಮಾಡಿದವರ ಹಾಗೇ ಕಡಿಮೆ ಆಗಿತ್ತು. ಇದನ್ನು ಅವರಿಗೆ ಓದಿ ಹೇಳಿ, ಆಗುದಾದ್ರೆ ಅವರನ್ನೂ ಕರ್ಕೊಂಡು ಹೋಗಿ.

ಮುಂದಿನ ಕ್ಲಾಸಿಗೆ ಅಡಿ ತೆಳು ಇರುವ, ಚಪ್ಪಟೆ ಶೂ ಹಾಕಿ, ಮಳೆಗಾಲದಲ್ಲಿ ನಮ್ಮ ಕಡೆ ಟೈಲ್ಸ್ ಎಲ್ಲ ಬೆವರಿ ಜಾರ್ತದೆ. ಮೊಣಕಾಲಿನ ವಿಷಯ ಕಲಿಸುವವರಿಗೆ ಶುರುವಾಗುವ ಮೊದಲೇ ಹೇಳಿ. ಮತ್ತೆ ನಾಚಿಕೆ ಅಂತ ಹಿಂದಿನ ಸಾಲಿಗೆ ಹೋಗ್ಬೇಡಿ, ತಿರುಗಿದ ಕೂಡ್ಲೇ ಹಿಂದಿನವರೇ ಮುಂದಾಗ್ತಾರೆ, ನೋಡ್ಲಿಕ್ಕೆ ಎದುರು ಯಾರೂ ಇರುದಿಲ್ಲ. ನಡುವಿನಲ್ಲಿ ನಿಲ್ಲಿ, ಯಾವ ಕಡೆ ತಿರುಗಿದ್ರೂ ಒಬ್ಬರಾದ್ರೂ ಕಾಣ್ತಾರೆ.