ತೋಟದ ಪ್ರಶ್ನೋತ್ತರ: ಫಾಕ್ಸ್‌ಗ್ಲೋವ್ ಏಕೆ ಹೂ ಬಿಟ್ಟಿಲ್ಲ?

ಪ್ರಶ್ನೆ: ನಾವು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ನೆಲೆಸಿದ್ದೇವೆ. ಏಪ್ರಿಲ್‌ನಲ್ಲಿ ಬಿತ್ತಿದ ಮಾಮೂಲಿ ಫಾಕ್ಸ್‌ಗ್ಲೋವ್ ಬೀಜದಿಂದ ಹನ್ನೆರಡು ಗಿಡಗಳಾಗಿವೆ. ಸೆಪ್ಟೆಂಬರ್ ಬಂದರೂ ಒಂದೂ ಹೂ ಬಿಟ್ಟಿಲ್ಲ; ಅಗಲವಾದ ಎಲೆಗಳು ಮಾತ್ರ ನೆಲಕ್ಕೆ ಹರಡಿಕೊಂಡಿವೆ. ಕಿತ್ತುಹಾಕಬೇಕೇ? ಊರಿನಿಂದ ಬಂದಿರುವ ನಮ್ಮ ಅತ್ತೆಯವರು ಈ ಸೊಪ್ಪು ಪಲ್ಯಕ್ಕೆ ಆಗುತ್ತದೆಯೇ ಎಂದು ಕೇಳುತ್ತಿದ್ದಾರೆ.
– ಓದುಗರೊಬ್ಬರು, ಬರ್ಮಿಂಗ್‌ಹ್ಯಾಮ್

ಉತ್ತರ: ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಆ ಸೊಪ್ಪನ್ನು ಖಂಡಿತ ತಿನ್ನಬಾರದು. ಫಾಕ್ಸ್‌ಗ್ಲೋವ್ ಗಿಡದ ಎಲೆ, ಹೂ, ಬೀಜ ಎಲ್ಲವೂ ವಿಷ. ಬೇಯಿಸಿದರೂ ಒಣಗಿಸಿದರೂ ಆ ವಿಷ ಹೋಗುವುದಿಲ್ಲ. ಹೂ ಇಲ್ಲದಿರುವಾಗ ಮೃದುವಾದ ರೋಮಗಳಿರುವ ಈ ಎಲೆಯನ್ನು ಕಾಂಫ್ರಿ ಎಂಬ ಸೊಪ್ಪೆಂದು ತಪ್ಪು ತಿಳಿದು ಕಷಾಯ ಮಾಡಿಕೊಂಡು ಕುಡಿದವರು ಪ್ರಾಣಾಪಾಯಕ್ಕೆ ಸಿಲುಕಿದ್ದಾರೆ. ನಿಮ್ಮ ಬರ್ಮಿಂಗ್‌ಹ್ಯಾಮ್‌ನಲ್ಲೇ ವೈದ್ಯರಾಗಿದ್ದ ವಿಲಿಯಂ ವಿದರಿಂಗ್ ಅವರು ಮೈಯಲ್ಲಿ ನೀರು ತುಂಬುವ ಕಾಯಿಲೆಗೆ ಈ ಎಲೆಯನ್ನು ಔಷಧಿಯಾಗಿ ಕೊಟ್ಟು, ತಾವು ಕಂಡದ್ದನ್ನು 1785ರಲ್ಲಿ ಪ್ರಕಟಿಸಿದರು. ಪ್ರಮಾಣ ಮೀರಿದರೆ ವಾಂತಿಯಾಗುತ್ತದೆ, ಕಣ್ಣಿಗೆ ಎಲ್ಲವೂ ಹಸಿರು ಹಳದಿಯಾಗಿ ಕಾಣುತ್ತದೆ, ನಾಡಿ ನಿಮಿಷಕ್ಕೆ 35ಕ್ಕೆ ಇಳಿಯುವುದೂ ಉಂಟು ಎಂದು ಅವರೇ ಬರೆದಿದ್ದಾರೆ. ಆದ್ದರಿಂದ ಈ ಗಿಡಗಳು ಅಡುಗೆಯ ಸೊಪ್ಪಿನ ಮಡಿಯಿಂದ ದೂರವಿರಲಿ; ಮುಟ್ಟುವಾಗ ಕೈಗವಸು ಹಾಕಿಕೊಳ್ಳಿ. ಯಾರಾದರೂ ತಪ್ಪಿ ತಿಂದರೆ ಲಕ್ಷಣಗಳಿಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.

ಇನ್ನು ಹೂವಿನ ವಿಚಾರ. ನಿಮ್ಮ ಗಿಡಗಳಿಗೆ ಯಾವ ರೋಗವೂ ಇಲ್ಲ, ಕೀಳಬೇಡಿ. ಮಾಮೂಲಿ ಫಾಕ್ಸ್‌ಗ್ಲೋವ್ ಎರಡು ವರ್ಷದ ಗಿಡ. ಮೊದಲ ವರ್ಷ ಎಲೆಗಳನ್ನಷ್ಟೇ ಬೆಳೆಸಿಕೊಂಡು, ಚಳಿಗಾಲವನ್ನು ಕಳೆದ ಮೇಲೆಯೇ ಮುಂದಿನ ಜೂನ್ ಹೊತ್ತಿಗೆ ಆಳೆತ್ತರದ ಹೂದಂಟನ್ನು ಎತ್ತುತ್ತದೆ. ಅಲ್ಲಿಯವರೆಗೆ ನೀವು ನೋಡಿಕೊಳ್ಳಬೇಕಾದದ್ದು ಬುಡದಲ್ಲಿ ನೀರು ನಿಲ್ಲದಂತೆ, ಏಕೆಂದರೆ ಚಳಿಗಿಂತ ಹೆಚ್ಚಾಗಿ ಚಳಿಗಾಲದ ತೇವವೇ ಎಲೆಗಳ ನಡುವಿನ ಸುಳಿಯನ್ನು ಕೊಳೆಸುತ್ತದೆ. ಅರೆನೆರಳು, ಎಲೆಗೊಬ್ಬರ ಬೆರೆತ ಮಣ್ಣು ಇದ್ದರೆ ಸಾಕು.

ಹೂ ಬಿಟ್ಟು ಬೀಜ ಕಟ್ಟಿದ ಮೇಲೆ ಗಿಡ ಸಾಮಾನ್ಯವಾಗಿ ಸಾಯುತ್ತದೆ. ಪ್ರತಿ ವರ್ಷವೂ ಹೂ ಬೇಕೆಂದರೆ ಬರುವ ಬೇಸಿಗೆಯಲ್ಲಿ ಇನ್ನೊಂದು ಸಾಲಿಗೆ ಬೀಜ ಬಿತ್ತಿರಿ. ಬೀಜ ಗಸಗಸೆಗಿಂತಲೂ ಸಣ್ಣದು, ಮೊಳೆಯಲು ಬೆಳಕು ಬೇಕು. ಮೇಲೆ ಮಣ್ಣು ಮುಚ್ಚದೆ ಹಗುರವಾಗಿ ಒತ್ತಿದರೆ ಸಾಕು.

ಹೂ ಬರುವ ಮೊದಲೇ ಬಣ್ಣವನ್ನು ಊಹಿಸುವ ಒಂದು ವಿಧಾನವೂ ಇದೆ. ಎಲೆಯ ತೊಟ್ಟನ್ನು ತಿರುಗಿಸಿ ನೋಡಿ: ಅಲ್ಲಿ ನೇರಳೆ ಛಾಯೆ ಕಂಡರೆ ಹೂ ನೇರಳೆಯಾಗುವ ಸಂಭವ ಹೆಚ್ಚು, ತೊಟ್ಟು ಪೂರ್ತಿ ತಿಳಿಹಸಿರಾಗಿದ್ದರೆ ಬಿಳಿಯ ಹೂ ನಿರೀಕ್ಷಿಸಬಹುದು.