100 ಮೊದಲು, 9 ಕೊನೆಗೆ: ಸಾರ್ಟ್ ಹೀಗೇಕೆ ಮಾಡುತ್ತದೆ?

ಪ್ರಶ್ನೆ: ಜಾವಾಸ್ಕ್ರಿಪ್ಟ್ ಕಲಿಯುತ್ತಿದ್ದೇನೆ. 3, 1, 2 ಇದ್ದ ಅರೇಯನ್ನು (ಪಟ್ಟಿಯನ್ನು) ಸಾರ್ಟ್ ಮಾಡಿದಾಗ, ಅಂದರೆ ಕ್ರಮವಾಗಿ ಜೋಡಿಸಿದಾಗ, 1, 2, 3 ಎಂದು ಸರಿಯಾಗಿಯೇ ಬಂತು. ಆದರೆ 40, 100, 9, 25 ಕೊಟ್ಟರೆ 100, 25, 40, 9 ಎಂದು ಬರುತ್ತಿದೆ. ಯಾರೋ ಹೇಳಿದರೆಂದು ‘ಎ > ಬಿ’ ಎಂಬ ಹೋಲಿಕೆಯ ಫಂಕ್ಷನ್ ಬರೆದು ಕೊಟ್ಟೆ. ಈಗ ಅರೇ ಕದಲುವುದೇ ಇಲ್ಲ, ಇದ್ದ ಹಾಗೇ ಇದೆ. ತಪ್ಪು ನನ್ನದೋ, ಬ್ರೌಸರಿನದೋ?

ಉತ್ತರ: ಮೊದಲನೆಯದು ಭಾಷೆಯ ಹಳೇ ಹಟ, ಎರಡನೆಯದು ನಿಮ್ಮದು.

ಹೇಗೆ ಹೋಲಿಸಬೇಕೆಂದು ನೀವು ಹೇಳದಿದ್ದರೆ ಸಾರ್ಟ್ ಪ್ರತಿ ಅಂಶವನ್ನೂ ಸ್ಟ್ರಿಂಗ್ (ಬರೀ ಅಕ್ಷರಗಳ ಸಾಲು) ಮಾಡಿಕೊಂಡು, ನಿಘಂಟಿನಲ್ಲಿ ಪದ ಜೋಡಿಸುವಂತೆ ಎಡದಿಂದ ಒಂದೊಂದೇ ಅಕ್ಷರ ನೋಡುತ್ತದೆ. 100 ಮತ್ತು 9 ಎದುರಾದಾಗ ‘1’ ಮತ್ತು ‘9’ ನೋಡಿದಲ್ಲೇ ತೀರ್ಪು ಮುಗಿಯಿತು. 100ರ ಎರಡು ಸೊನ್ನೆಗಳತ್ತ ಅದು ಕಣ್ಣೂ ಹಾಯಿಸುವುದಿಲ್ಲ. ಒಂದಂಕಿಯ ಸಂಖ್ಯೆಗಳಲ್ಲಿ ಎರಡೂ ಲೆಕ್ಕ ಒಂದೇ ಆಗುವುದರಿಂದ ನಿಮ್ಮ 3, 1, 2 ಏನನ್ನೂ ಬಯಲು ಮಾಡಲಿಲ್ಲ. ಪರೀಕ್ಷೆಗೆ 9, 100, -1, -2 ತೆಗೆದುಕೊಳ್ಳಿ. -1 ಹೋಗಿ -2ರ ಮುಂದೆ ಕೂರುವುದೂ ಕಾಣುತ್ತದೆ.

ಪರಿಹಾರ ಚಿಕ್ಕದು: ಸಾರ್ಟ್‌ಗೆ (ಎ, ಬಿ) => ಎ - ಬಿ ಎಂಬ ಫಂಕ್ಷನ್ ಕೊಡಿ. ಇಳಿಕೆ ಕ್ರಮ ಬೇಕಿದ್ದರೆ ಬಿ - ಎ.

ಇನ್ನು ‘ಎ > ಬಿ’ಯ ಕಥೆ. ಸಾರ್ಟ್ ಆ ಫಂಕ್ಷನ್‌ನಿಂದ ಮೂರು ಬಗೆಯ ಉತ್ತರ ಬಯಸುತ್ತದೆ. ಋಣ ಸಂಖ್ಯೆ ಬಂದರೆ ಎ ಮುಂದೆ, ಧನ ಬಂದರೆ ಬಿ ಮುಂದೆ, ಸೊನ್ನೆ ಬಂದರೆ ಎರಡೂ ಸಮ. 40 ಮತ್ತು 9 ಕೊಟ್ಟರೆ 40 - 9 ಅಂದರೆ 31, ಹಾಗಾಗಿ 9 ಮುಂದೆ. ಅದಲುಬದಲು ಮಾಡಿದರೆ -31, ತೀರ್ಮಾನ ಅದೇ. ನಿಮ್ಮ ಫಂಕ್ಷನ್ ಹೇಳುವುದು ಹೌದು ಅಥವಾ ಇಲ್ಲ, ಅಂದರೆ 1 ಅಥವಾ 0. 9 ಮತ್ತು 40 ಕೇಳಿದಾಗ ‘9 ಚಿಕ್ಕದು’ ಅನ್ನುವ ಬದಲು ‘ಎರಡೂ ಸಮ’ ಎಂದು ಸುಳ್ಳು ಹೇಳುತ್ತದೆ. ಋಣ ಉತ್ತರ ಬಂದರಷ್ಟೇ ಜಾಗ ಬದಲಿಸುವ ಎಂಜಿನ್ (ಬ್ರೌಸರಿನೊಳಗೆ ಜಾವಾಸ್ಕ್ರಿಪ್ಟ್ ಓಡಿಸುವ ಭಾಗ) ಏನನ್ನೂ ಮುಟ್ಟದೆ ಸುಮ್ಮನಾಗುತ್ತದೆ.

ಇದನ್ನು ಹೇಳಿಕೊಟ್ಟವರು ಸುಳ್ಳುಗಾರರೇನಲ್ಲ. 2018ರಲ್ಲಿ 70ನೇ ಆವೃತ್ತಿ ಬರುವವರೆಗೆ ಕ್ರೋಮ್ 10 ಅಂಶಗಳವರೆಗಿನ ಅರೇಗೆ ಇನ್ಸರ್ಷನ್ ಸಾರ್ಟ್ ಎಂಬ ಜೋಡಣೆಯ ವಿಧಾನ ಬಳಸುತ್ತಿತ್ತು. ಅದು ‘ಸೊನ್ನೆಗಿಂತ ಹೆಚ್ಚೇ?’ ಎಂದಷ್ಟೇ ನೋಡುತ್ತಿದ್ದುದರಿಂದ ತಪ್ಪು ಕೋಡೂ ಓಡುತ್ತಿತ್ತು. ಆಮೇಲೆ ಟಿಮ್‌ಸಾರ್ಟ್ ಎಂಬ ಬೇರೆ ವಿಧಾನ ಬಂತು, ಗುಟ್ಟು ರಟ್ಟಾಯಿತು.

ವೆಬ್ ಪುಟದ ಫಾರ್ಮ್‌ನಿಂದ ತೆಗೆದ ಸಂಖ್ಯೆಗಳಾದರೆ ಇನ್ನೊಂದು ತೊಡಕು ಇದೆ. ಅವು ಸ್ಟ್ರಿಂಗ್ ಆಗಿಯೇ ಬರುತ್ತವೆ. ಕಳೆಯುವಾಗ ಜಾವಾಸ್ಕ್ರಿಪ್ಟ್ ತಾನೇ ಸಂಖ್ಯೆ ಮಾಡಿಕೊಳ್ಳುತ್ತದೆ, ಸರಿ. ಆದರೆ ‘1,200’ ಎಂದು ಅಲ್ಪವಿರಾಮ ಹಾಕಿದ್ದರೆ ಫಲ ನ್ಯಾನ್, ಅಂದರೆ ‘ಸಂಖ್ಯೆಯೇ ಅಲ್ಲ’. ಸಾರ್ಟ್ ಅದನ್ನು ಸೊನ್ನೆ ಎಂದೇ ಓದಿ, ಎರಡೂ ಸಮ ಎಂದುಕೊಳ್ಳುತ್ತದೆ. ದೋಷವೇನೂ ತೋರಿಸದೆ ಅರೇ ಅರೆಬರೆ ಜೋಡಣೆಯಾಗಿ ನಿಲ್ಲುತ್ತದೆ. ಇಂಥದ್ದನ್ನು ಹುಡುಕುವುದು ತಲೆನೋವಿನ ಕೆಲಸ. ಅಲ್ಪವಿರಾಮ ತೆಗೆದು, ಸಂಖ್ಯೆ ಮಾಡಿಕೊಂಡೇ ಸಾರ್ಟ್‌ಗೆ ಕೊಡಿ.

ಅಂದ ಹಾಗೆ, ಸಾರ್ಟ್ ಹೊಸ ಅರೇ ಕೊಡುವುದಿಲ್ಲ, ಮೂಲವನ್ನೇ ಕಲಕುತ್ತದೆ. ಹಳೆಯ ಕ್ರಮವೂ ಬೇಕಿದ್ದರೆ ಜಾವಾಸ್ಕ್ರಿಪ್ಟ್‌ನ 2023ರ ಆವೃತ್ತಿಯಲ್ಲಿ ಸೇರಿದ, ಹೊಸ ಅರೇ ಕೊಡುವ ಟುಸಾರ್ಟೆಡ್ ಇದೆ. ಅದಕ್ಕೂ ಎ - ಬಿ ಕೊಡಲೇಬೇಕು. ಆ ಹಳೇ ಹಟ ಅಲ್ಲಿಯೂ ಹಾಗೇ ಉಳಿದಿದೆ.