ಹಳೇ ಪಿಕಪ್‌ನ ಎಬಿಎಸ್ ಫ್ಯೂಸ್ ಕಿತ್ತು ಓಡಿಸಬಹುದಾ?

ಸೋಮವಾರಪೇಟೆ ಕಡೆಯ ತೋಟದಲ್ಲಿ ಹಳೇ ಪಿಕಪ್ ಓಡಿಸುತ್ತೀರಿ. ಜಲ್ಲಿ ಇಳಿಜಾರಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ ಕಾಲಿಗೆ ಗಡಗಡ ಹೊಡೆಯುತ್ತದೆ, ಗಾಡಿ ನಿಲ್ಲದೆ ಮುಂದೆ ಹೋಗುತ್ತದೆ, ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗಿ, ಅಂದರೆ ತಿರುಗುವುದು ನಿಂತು, ಜಾರದಂತೆ ನೋಡಿಕೊಳ್ಳುವ ವ್ಯವಸ್ಥೆ) ಫ್ಯೂಸ್ ಕಿತ್ತು ಬಿಡಲಾ ಅಂತ ಕೇಳಿದ್ದೀರಿ. ನಾನೂ ಸುಂಟಿಕೊಪ್ಪದ ಹತ್ತಿರ ಕಾಫಿ ಮೂಟೆ ಹೊರಲು ಅಂಥದ್ದೇ ಗಾಡಿ ಇಟ್ಟುಕೊಂಡಿದ್ದೇನೆ. ಕೀಳಬೇಡಿ ಅಂತಲೇ ಹೇಳುತ್ತೇನೆ. ಹಾಗಂತ ನಿಮ್ಮ ದೂರು ಸುಳ್ಳಲ್ಲ.

ಸಡಿಲ ಜಲ್ಲಿಯಲ್ಲಿ ಎಬಿಎಸ್ ಇದ್ದರೆ ನಿಲ್ಲಲು ದೂರ ಜಾಸ್ತಿ ಬೇಕಾಗುತ್ತದೆ. ಚಕ್ರ ಲಾಕ್ ಆದರೆ ಅದರ ಮುಂದೆ ಜಲ್ಲಿ ಗುಡ್ಡೆಯಾಗಿ ತಡೆ ಕೊಡುತ್ತದೆ. ಎಬಿಎಸ್ ಬಿಟ್ಟು ಬಿಟ್ಟು ಹಿಡಿಯುವುದರಿಂದ ಆ ಗುಡ್ಡೆ ಆಗುವುದೇ ಇಲ್ಲ. ಆದರೆ ಲಾಕ್ ಆದ ಮುಂದಿನ ಚಕ್ರ ಸ್ಟೇರಿಂಗ್ ಮಾತು ಕೇಳಲ್ಲ. ತೋಟದ ರಸ್ತೆ ಗೊತ್ತಲ್ವಾ, ಒಂದು ಕಡೆ ಕಡಿದಾದ ಮಣ್ಣಿನ ಬರೆ, ಇನ್ನೊಂದು ಕಡೆ ಕೆಳಗಿನ ಸಾಲಿನ ಗಿಡ.

ಮೊದಲು ಒಂದು ಪರೀಕ್ಷೆ ಮಾಡಿ. ಒಣಗಿದ, ಸಪಾಟಾದ ಡಾಂಬರು ರಸ್ತೆಯಲ್ಲಿ, ಹಿಂದೆ ಮುಂದೆ ಯಾರೂ ಇಲ್ಲದಾಗ, 20 ಕಿ.ಮೀ. ವೇಗದಿಂದ ಮೆತ್ತಗೆ ಬ್ರೇಕ್ ಹಿಡಿದು ನಿಲ್ಲಿಸಿ. ನಿಲ್ಲುವ ಕೊನೇ ಗಳಿಗೆಯಲ್ಲಿ ಅಲ್ಲೂ ಪೆಡಲ್ ಗಡಗಡ ಅಂದರೆ ಚಕ್ರದ ವೇಗ ಅಳೆಯುವ ವೀಲ್ ಸ್ಪೀಡ್ ಸೆನ್ಸರ್ ಮೇಲೆ ನನಗೆ ಅನುಮಾನ. ಅದು ಚಕ್ರದ ನಡುವಿನ ಹಬ್ ಹತ್ತಿರ ಕೂತು ಹಲ್ಲಿನ ರಿಂಗ್ ಒಂದನ್ನು ಓದುತ್ತಿರುತ್ತದೆ. ಹಳೇ ಗಾಡಿಗಳಲ್ಲಿ ಅದು ಬರೀ ಮ್ಯಾಗ್ನೆಟ್ ಮತ್ತು ಕಾಯಿಲ್, ವೇಗ ಇಳಿದಷ್ಟೂ ಸಿಗ್ನಲ್ ಸಣ್ಣದಾಗುತ್ತದೆ. ಅದು ಕೂರುವ ಜಾಗಕ್ಕೆ ತುಕ್ಕು ಹಿಡಿದು ಸೆನ್ಸರ್ ಕೂದಲೆಳೆಯಷ್ಟು ಮೇಲೆದ್ದರೂ ಸಾಕು, ಗಾಡಿ ನಿಲ್ಲುವ ಮೊದಲೇ ಸಿಗ್ನಲ್ ಸತ್ತಿರುತ್ತದೆ. ಚಕ್ರ ಲಾಕ್ ಆಯಿತು ಅಂದುಕೊಂಡು ಎಬಿಎಸ್ ಬ್ರೇಕ್ ಬಿಡುತ್ತದೆ. ಎಷ್ಟೋ ಸಲ ಎಬಿಎಸ್ ದೀಪವೂ ಉರಿಯಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೆನೆಯುವ ನಮ್ಮ ಗಾಡಿಗಳಿಗೆ ಈ ಕಾಯಿಲೆ ಬರದಿದ್ದರೇ ಆಶ್ಚರ್ಯ!

ಸೆನ್ಸರ್‌ಗಳ ಲೆಕ್ಕ ತೋರಿಸುವ ಸ್ಕ್ಯಾನರ್ ಇರುವ ಮೆಕ್ಯಾನಿಕ್‌ನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಿಧಾನಕ್ಕೆ ಓಡಿಸಿ. ಯಾವ ಚಕ್ರದ ವೇಗ ಉಳಿದವುಗಳಿಗಿಂತ ಮೊದಲು ಸೊನ್ನೆಗೆ ಬೀಳುತ್ತದೋ ಅದೇ ಕಳ್ಳ. ಸೆನ್ಸರ್ ಬಿಚ್ಚಿ, ಕೂರುವ ಜಾಗವನ್ನು ಎಮರಿ ಪೇಪರ್‌ನಲ್ಲಿ ಉಜ್ಜಿಸಿ. ರಿಂಗ್ ಬಿರುಕು ಬಿಟ್ಟಿದೆಯಾ ಅಂತಲೂ ನೋಡಿಸಿ. ಡಾಂಬರಿನಲ್ಲಿ ಸುಮ್ನೆ ನಿಂತು, ಜಲ್ಲಿಯಲ್ಲಿ ಮಾತ್ರ ಹೊಡೆದರೆ ಎಬಿಎಸ್ ತನ್ನ ಕೆಲಸ ಮಾಡುತ್ತಿದೆ ಅಷ್ಟೇ.

ಇನ್ನು ಫ್ಯೂಸ್. ಕಿತ್ತರೂ ಮಾಮೂಲಿ ಬ್ರೇಕ್ ಇರುತ್ತದೆ, ನಿಜ. ಭಯ ಹಿಂದಿನ ಚಕ್ರದ್ದು. ಖಾಲಿ ಪಿಕಪ್‌ನ ಹಿಂಭಾಗ ಹಗುರ, ಅಲ್ಲಿಗೆ ಬ್ರೇಕ್ ಕಡಿಮೆ ಹೋಗಬೇಕು. ಕೆಲವು ಗಾಡಿಗಳಲ್ಲಿ ಇದನ್ನು ಹಿಂದಿನ ಆಕ್ಸಲ್‌ಗೆ ಕಡ್ಡಿ ಜೋಡಿಸಿದ ಒಂದು ವಾಲ್ವ್ ನೋಡಿಕೊಳ್ಳುತ್ತದೆ. ಕೆಲವದರಲ್ಲಿ ಎಬಿಎಸ್ ಯೂನಿಟ್ಟೇ ನೋಡಿಕೊಳ್ಳುತ್ತದೆ, ಅದಕ್ಕೆ ಇಬಿಡಿ ಅನ್ನುತ್ತಾರೆ. ಎರಡನೇ ಥರದ್ದಾದರೆ ಫ್ಯೂಸ್ ಜೊತೆ ಅದೂ ಹೋಗುತ್ತದೆ. ಆಮೇಲೆ ಮಡಿಕೇರಿಯಿಂದ ಸಂಪಾಜೆಗೆ ಮಳೆಯಲ್ಲಿ ಖಾಲಿ ಗಾಡಿ ಇಳಿಸುವಾಗ ಜೋರಾಗಿ ಬ್ರೇಕ್ ಒತ್ತಿದಿರೋ, ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಗಿರಕಿ ಹೊಡೆಯಬಹುದು.

ತೋಟದ ಇಳಿಜಾರಿಗೆ ನಾನು ಮೇಲಿಂದಲೇ ಫಸ್ಟ್ ಗೇರ್ ಹಾಕಿ ಇಳಿಸುತ್ತೇನೆ, ಫೋರ್ ವೀಲ್ ಲೋ (ನಾಲ್ಕೂ ಚಕ್ರಕ್ಕೆ ಹೋಗುವ ನಿಧಾನದ ಗೇರ್) ಇದ್ದರೆ ಇನ್ನೂ ಒಳ್ಳೆಯದು. ಕಾಲು ಬ್ರೇಕ್ ಮೇಲೆ ಹೋಗುವುದೇ ಅಪರೂಪ.

ಆಕ್ಸಲ್ ಮೇಲೆ ಆ ಕಡ್ಡಿಯ ವಾಲ್ವ್ ಇದೆಯಾ, ಡಾಂಬರಿನಲ್ಲಿ ಏನಾಯಿತು, ಎರಡನ್ನೂ ನೋಡಿ ಬರೆಯಿರಿ.